ನಾರ್ವೇಜಿಯನ್ ಸಮಾಸಪದಗಳು: ಕೂಡಿಸಿ ಬರೆಯುವುದು ಕಾಗುಣಿತದ ಮಾತು ಮಾತ್ರವೇ?

ಓಸ್ಲೋ ಕಲಿಕೆಗಾರ:
ನಾರ್ವೇಜಿಯನ್‌ನಲ್ಲಿ ಸಮಾಸದ ಪದಗಳನ್ನು ನಡುವೆ ಜಾಗ ಬಿಡದೆ ಬರೆಯಬೇಕು. ಬಿಡಿಸಿ ಬರೆದರೆ ಅದನ್ನು 'ಸ್ಯಾರ್‌ಸ್ಕ್ರೀವಿಂಗ್' ಎಂದು ಕರೆದು ತಿದ್ದುತ್ತಾರೆ. ಹೊಸದಾಗಿ ಕಲಿಯುವವನಿಗೆ ಉದ್ದನೆಯ ಪದವನ್ನು ಎಲ್ಲಿ ಒಡೆದು ಓದಬೇಕೆಂಬುದೇ ತಿಳಿಯುವುದಿಲ್ಲ. ಬಿಡಿಸಿ ಬರೆದರೂ ಅರ್ಥವಾಗುವಾಗ ಇಷ್ಟು ಕಟ್ಟುನಿಟ್ಟು ಏಕೆ?

ಸಮಾಸಪ್ರಿಯೆ:
ಅರ್ಥವಾಗುತ್ತದೆ ಎಂಬ ಮಾತನ್ನೇ ನಾನು ಒಪ್ಪಲಾರೆ. 'ಲಮ್ಮೆಲೋರ್' ಎಂದರೆ ಕುರಿಮರಿಯ ತೊಡೆಮಾಂಸ. 'ಲಮ್ಮೆ ಲೋರ್' ಎಂದು ಬಿಡಿಸಿದರೆ ಲಕ್ವ ಹೊಡೆದ ತೊಡೆಗಳು. ಕೂಡಿದ ಪದದಲ್ಲಿ ಪ್ರಧಾನ ಒತ್ತು, ಅಂದರೆ ಉಚ್ಚರಿಸುವಾಗ ಕೊಡುವ ಬಲ, 'ಲಮ್' ಮೇಲೆ ಬಿದ್ದು, 'ಲೋರ್'ಗೆ ಅದಕ್ಕಿಂತ ಕಡಿಮೆ ಒತ್ತು ಸಿಗುತ್ತದೆ; ಬಿಡಿಸಿದಾಗ 'ಲೋರ್' ತನ್ನದೇ ಆದ ಪೂರ್ಣ ಒತ್ತನ್ನು ಪಡೆಯುತ್ತದೆ. ಹಾಳೆಯ ಮೇಲಿನ ಜಾಗ ಕಿವಿಗೆ ಕೇಳುವ ಈ ವ್ಯತ್ಯಾಸದ ಗುರುತು. ಕನ್ನಡದಲ್ಲಿ ಒತ್ತು ಪದದ ಅರ್ಥವನ್ನು ಬದಲಿಸುವುದಿಲ್ಲವಾದ್ದರಿಂದ ನಮಗೆ ಅದು ಬೇಗ ಕೇಳಿಸದು. ನಾವು ಮಳೆ, ಕಾಲ ಎರಡನ್ನೂ ಸೇರಿಸಿ 'ಮಳೆಗಾಲ' ಎನ್ನುವಾಗ ಬೆಸುಗೆಯನ್ನು ತೋರಿಸುವುದು ಗಕಾರ. ಅವರಲ್ಲಿ ಆ ಕೆಲಸವನ್ನು ಹೆಚ್ಚಾಗಿ ಒತ್ತು ಮಾಡುತ್ತದೆ.

ಬರ್ಗೆನ್ ನಿವಾಸಿ:
ಮೊದಲ ಭಾಗಕ್ಕೇ ಪ್ರಧಾನ ಒತ್ತು ಎಂಬುದನ್ನು ಅಪವಾದವಿಲ್ಲದ ನಿಯಮವೆಂದು ಹೇಳಬಾರದು. 1641ರಲ್ಲಿ ಸ್ಥಾಪನೆಯಾದ ಕ್ರಿಸ್ತಿಯಾನ್‌ಸಾನ್ ನಗರದ ಹೆಸರೂ ಎರಡು ಪದಗಳು ಕೂಡಿದ್ದೇ, ಆದರೆ ಒತ್ತು ಕೊನೆಯ 'ಸಾನ್' ಮೇಲಿದೆ. ಬೆಸುಗೆಗೆ ಒತ್ತು ಒಂದೇ ಗುರುತೂ ಅಲ್ಲ. ದ್ರಾಕ್ಷಾರಸದ ಲೋಟ 'ವೀನ್‌ಗ್ಲಾಸ್'. ಕೆಂಪು ದ್ರಾಕ್ಷಾರಸದ್ದಾದರೆ 'ರೋವೀನ್ಸ್‌ಗ್ಲಾಸ್', ಅಂದರೆ ನಡುವೆ ಒಂದು ಸಕಾರ ಬರುತ್ತದೆ. 'ಕೆಂಪು' ಸೇರಿಕೊಂಡಿರುವುದು ದ್ರಾಕ್ಷಾರಸಕ್ಕೆ, ಲೋಟಕ್ಕಲ್ಲ ಎಂಬುದನ್ನು ಆ ಸಕಾರ ಸೊಗಸಾಗಿ ತಿಳಿಸುತ್ತದೆ.

ಛಂದಸ್ಸಿನ ವಿದ್ಯಾರ್ಥಿ:
ಕಲಿಕೆಗಾರರ ಪ್ರಶ್ನೆಗೆ ನಮ್ಮ ಗುರು-ಲಘುವಿನ ಲೆಕ್ಕವೇ ನೆರವಾದೀತು. ನಾರ್ವೇಜಿಯನ್‌ನಲ್ಲಿ ಒತ್ತು ಬಿದ್ದ ಅಕ್ಷರ ಗುರುವಾಗಿಯೇ ಇರುತ್ತದೆ: ಸ್ವರ ದೀರ್ಘವಾಗಿರಬೇಕು, ಇಲ್ಲವೇ ಮುಂದಿನ ವ್ಯಂಜನ ಇಮ್ಮಡಿಸಿರಬೇಕು ಅಥವಾ ವ್ಯಂಜನಗಳು ಗುಂಪಾಗಿ ಬರಬೇಕು. 'ತಾಕ್' ಎಂದರೆ ಮನೆಯ ಮಾಡು, 'ತಕ್ಕ್' ಎಂದರೆ ಧನ್ಯವಾದ. 'ಹೂಸ್‌ತಾಕ್' ಎಂದು ಸಮಾಸವಾದಾಗಲೂ ಎರಡನೆಯ ಭಾಗದ ದೀರ್ಘ ಉಳಿದುಕೊಳ್ಳುತ್ತದೆ. ಆದ್ದರಿಂದ ದೀರ್ಘವನ್ನು ಹಿಡಿದು ಹೊರಟರೆ ಪದ ಎಲ್ಲಿ ಕೂಡಿದೆ ಎಂಬುದು ಎಷ್ಟೋ ಕಡೆ ಗೊತ್ತಾಗುತ್ತದೆ.

ಓಸ್ಲೋ ಕಲಿಕೆಗಾರ:
'ಲಮ್ಮೆಲೋರ್' ವಿಷಯದಲ್ಲಿ ನನ್ನ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ 'ಬುಸ್ಸ್', 'ಸ್ಟೊಪ್' ಕೂಡಿ ಬಸ್ ನಿಲ್ದಾಣವಾದಾಗ ಬರಬೇಕಾದ ಮೂರು ಸಕಾರಗಳಲ್ಲಿ ಒಂದನ್ನು ಬಿಟ್ಟು ಬರೆಯುತ್ತಾರೆ. ಇಂತಹ ಕಡೆ ಬೆಸುಗೆ ಬರಹದಲ್ಲಿ ಮರೆಯಾಗುತ್ತದೆ ಎಂಬ ನನ್ನ ಆಕ್ಷೇಪ ಹಾಗೆಯೇ ಇದೆ. ಗುರುವಿನ ಲೆಕ್ಕ ಮಾತ್ರ ನನಗೆ ನಿಜವಾಗಿ ಉಪಯೋಗಕ್ಕೆ ಬಂತು. ಕಾರಿನ ಬಿಡಿಭಾಗಗಳೆಂಬ ಅರ್ಥದ 'ಬೀಲ್‌ದೇಲೆರ್' ಪದವನ್ನು ನಾನು ತರಗತಿಯಲ್ಲಿ, ಚಿತ್ರ ಎಂಬರ್ಥದ 'ಬಿಲ್ದೆ'ಯಿಂದ ಆರಂಭಿಸಿ ಓದಿದ್ದೆ. ಶಿಕ್ಷಕಿ ಮೊದಲ ಇಕಾರವನ್ನು ಎಳೆದು ತೋರಿಸಿದರು, ಅಷ್ಟೇ. ಅದು ಕಾರಿನ 'ಬೀಲ್' ಎಂಬುದು ಕೂಡಲೇ ಹೊಳೆಯಿತು.