ಅಣ್ಣನ ಮನೆಯ ಕಾರಿನ ವಿಷಯ

ಮಾಣಿ, ನಿನ್ನೆ ರಾತ್ರಿ ಕುಟುಂಬದ ಗ್ರೂಪಿಗೆ ನೀನು ಹಾಕಿದ ಮಾತನ್ನು ಬೆಳಗ್ಗೆ ಎರಡು ಸಲ ಕೇಳಿದೆ. ನಿನ್ನ ಅಪ್ಪನ, ಅಂದರೆ ನನ್ನ ಅಣ್ಣನ, ವ್ಯಾಗನಾರ್‌ನ ನೋಂದಣಿ ಬರುವ ಫೆಬ್ರವರಿಗೆ ಮುಗಿಯುತ್ತದೆ, ಅದನ್ನೇ ನವೀಕರಿಸುವುದೋ, ಹೊಸ ಕಾರು ತೆಗೆಯುವುದೋ, ತೆಗೆಯುವುದಾದರೆ ಯಾವುದು ಎಂದು ಕೇಳಿದ್ದೀ. ನಿನ್ನ ಮನಸ್ಸು ಕ್ರೆಟಾದಂತಹ ದೊಡ್ಡ ಗಾಡಿಯ ಮೇಲಿದೆ. ನಿನ್ನ ಭಾವ ಮಂಗಳೂರಿನಲ್ಲಿ ಮಾರಾಟಕ್ಕಿರುವ ಐದು ವರ್ಷ ಹಳೆಯ ಡೀಸೆಲ್ ಗಾಡಿಯೊಂದರ ಫೋಟೋ ಕಳುಹಿಸಿದ್ದಾರೆ. ನಿನ್ನ ತಂಗಿ ವಿದ್ಯುತ್ ಕಾರೇ ಸರಿ ಎಂದಿದ್ದಾಳೆ. ಅಣ್ಣ ಏನೂ ಹೇಳಿಲ್ಲ. ಅತ್ತಿಗೆಯನ್ನು, ಅಂದರೆ ನಿನ್ನ ಅಮ್ಮನನ್ನು, ಯಾರೂ ಕೇಳಿಲ್ಲ. ವಾರಕ್ಕೆ ಎರಡು ಸಲವಾದರೂ ಆ ಕಾರಿನಲ್ಲಿ ಕೂರುವವಳು, ಅಣ್ಣನಿಗೆ ಆಗದ ದಿನ ಅದನ್ನು ಓಡಿಸುವವಳು ನಾನಾದ್ದರಿಂದ, ನನಗೆ ತೋರಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಂದೇಶ ಉದ್ದವಾಗುತ್ತದೆ, ದಯವಿಟ್ಟು ಕೊನೆಯವರೆಗೆ ಕೇಳು.

ಹಳೆಯದನ್ನೇ ಇಟ್ಟುಕೊಳ್ಳುವ ಮಾತನ್ನು ನಾನೂ ಅಣ್ಣನೂ ದೀಪಾವಳಿಯಿಂದ ಆಡುತ್ತಿದ್ದೇವೆ. ಕಾನೂನಿನ ಅಡ್ಡಿಯಿಲ್ಲ. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ, ಶುಲ್ಕ, ತೆರಿಗೆ, ಹಸಿರು ತೆರಿಗೆ ಎಲ್ಲ ಕಟ್ಟಿದರೆ ಮತ್ತೆ 5 ವರ್ಷ ಓಡಿಸಬಹುದು. ಆದರೆ ಸೆಪ್ಟೆಂಬರಿನಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಅಣ್ಣನ ಕಣ್ಣಿನ ಪರೀಕ್ಷೆ ಮುಗಿಸಿ ಕುಂಬಳೆಯ ಮೂಲಕ ಹಿಂದಿರುಗುವಾಗ, ಸೀತಾಂಗೋಳಿಯ ಹತ್ತಿರದ ಏರಿನಲ್ಲಿ ಕ್ಲಚ್ ಜಾರತೊಡಗಿತು. ಎಂಜಿನ್ ಕೂಗುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು, ಹಿಂದೆ ಕಲ್ಲಿನ ಲಾರಿಯೊಂದು ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಕಣ್ಣಿಗೆ ಔಷಧ ಹಾಕಿದ್ದರಿಂದ ಏನೂ ಸರಿಯಾಗಿ ಕಾಣದ ಅಣ್ಣ, ಬಾಗಿಲಿನ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ. ಆ ದಿನ ಕ್ಲಚ್ಚಿಗೆ ಖರ್ಚು ಮಾಡಿದೆವು. ಈಗ ಮುಂದಿನ ಸಸ್ಪೆನ್ಶನ್, ಸ್ಟೀರಿಂಗ್, ಅಡಿಭಾಗದ ತುಕ್ಕು ಎಲ್ಲ ಸೇರಿ ಇನ್ನೂ 45 ಸಾವಿರ ಆಗಬಹುದೆಂದು ಮೆಕ್ಯಾನಿಕ್ ಹೇಳುತ್ತಾರೆ.

ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಅಪ್ಪನ ಕಾರು ಬಂದ 2011ರಲ್ಲಿ ಇಂತಹ ಪೆಟ್ರೋಲ್ ಇರಲಿಲ್ಲ, ಅದರ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕೆಂದು ಮಾಡಿದ್ದೂ ಅಲ್ಲ. ಹಳೆಯ ಗಾಡಿಗಳಲ್ಲಿ ಅಂತಹ ಭಾಗಗಳನ್ನು ಬೇಗ ಬದಲಿಸಬೇಕಾಗಬಹುದೆಂದು ಸರ್ಕಾರವೇ ಹೇಳಿದೆ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ನಮ್ಮ ಕಾಸರಗೋಡಿನ ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾದ ಮೇಲೆ ಅಲ್ಲಿ ಗಾಡಿಗಳು ಹೋಗುವ ವೇಗವನ್ನು ನೀನೂ ನೋಡಿದ್ದೀ. ಅಣ್ಣನ ಕಾರಿನಲ್ಲಿ ಏರ್‌ಬ್ಯಾಗ್ ಒಂದೂ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ತಿಂಗಳಿಗೆ ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವ 70 ದಾಟಿದ ಇಬ್ಬರನ್ನು ಆ ರಸ್ತೆಗೆ ಇಂತಹ ಗಾಡಿಯಲ್ಲಿ ಕಳುಹಿಸಲು ನನಗೆ ಧೈರ್ಯ ಬರುವುದಿಲ್ಲ. ಆದ್ದರಿಂದ ಹೊಸದು ಬೇಕು ಎಂಬಲ್ಲಿ ನಾನು ನಿನ್ನ ಪರ.

ಯಾವುದು ಎಂಬಲ್ಲಿ ಮಾತ್ರ ನಿನ್ನ ಪರ ಇಲ್ಲ. ನೀನು ವರ್ಷಕ್ಕೆ ಎರಡು ಸಲ ಊರಿಗೆ ಬರುವಾಗ ಎಲ್ಲರೂ ಒಟ್ಟಿಗೆ ಸುಬ್ರಹ್ಮಣ್ಯಕ್ಕೋ ಕೊಲ್ಲೂರಿಗೋ ಹೋಗಲು ದೊಡ್ಡ ಗಾಡಿ ಬೇಕೆಂದು ಹೇಳಿದ್ದೀ. ಆ ನಾಲ್ಕು ದಿನಕ್ಕೆ ಬದಿಯಡ್ಕದಲ್ಲಿ ಬಾಡಿಗೆ ಗಾಡಿ ಸಿಗುತ್ತದೆ. ಉಳಿದ ದಿನಗಳಲ್ಲಿ ಈ ಕಾರು ಇಳಿದು ಹತ್ತಬೇಕಾದದ್ದು ನಮ್ಮ ಮನೆಯ ದಾರಿಯನ್ನು. ಪಂಚಾಯತ್ ರಸ್ತೆ ಬಿಟ್ಟು ಇಳಿದರೆ ಹಳ್ಳದ ತೋಡು, ತೋಡಿಗೆ ಹಾಕಿದ ಸಂಕ ಎಂಬ ಸಣ್ಣ ಸೇತುವೆ, ಸಂಕ ದಾಟಿದ ಕೂಡಲೇ ಎಡಕ್ಕೆ ತಿರುಗುವ ಏರುದಾರಿಯ ಚಡವು. ಚಡವಿಗೆ ಚಕ್ರ ಹೋಗುವಷ್ಟೇ ಅಗಲದ ಎರಡು ಪಟ್ಟಿ ಕಾಂಕ್ರೀಟ್ ಹಾಕಿದ್ದಾರೆ. ನಡುವೆ ಹುಲ್ಲು ಬೆಳೆದ ದಿಣ್ಣೆ, ಅದರಲ್ಲಿ ಮುರಕಲ್ಲಿನ ತಲೆಗಳು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಒಂದು ಗೋಣಿ ಇದ್ದರೆ ವ್ಯಾಗನಾರ್‌ನ ಅಡಿ ಅಲ್ಲಿ ಉಜ್ಜಿಕೊಂಡೇ ಹೋಗುತ್ತದೆ. ಅತ್ತಿಗೆ ಆ ಸದ್ದು ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಾಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು, ಆಟಿಯ ಮಳೆಯಲ್ಲಿ ಆ ಕಾಂಕ್ರೀಟಿನ ಮೇಲೆ ಜಾರುವ ಹಾವಸೆ ಕಟ್ಟಿರುತ್ತದೆ.

ಚಡವು ಹತ್ತಿದ ಮೇಲೆ ಅಂಗಳ. ನೀನು ಬರುವುದು ಓಣಂ ರಜೆಗೆ, ಇಲ್ಲವಾದರೆ ಮೇ ತಿಂಗಳ ಕೊನೆಗೆ. ಆಗ ಅಂಗಳ ಖಾಲಿ ಇರುತ್ತದೆ. ಈಗ ಬಂದು ನೋಡು. ಒಂದು ಕೊಯ್ಲಿನ ಅಡಿಕೆ ಒಣಗಲು ನಲವತ್ತು ಬಿಸಿಲು ಬೇಕು, ಅದು ಒಳಗೆ ಹೋಗುವ ಮೊದಲೇ ಮುಂದಿನ ಕೊಯ್ಲು ಬಂದು ಬೀಳುತ್ತದೆ. ಮಾರ್ಗಶಿರದಿಂದ ಮಳೆ ಹಿಡಿಯುವ ತನಕ ಕಾರು ತಿರುಗಿಸಲು ಉಳಿಯುವ ಜಾಗ ಬಾವಿಕಟ್ಟೆಗೂ ತುಳಸಿಕಟ್ಟೆಗೂ ನಡುವಿನ ಮೂಲೆ ಒಂದೇ. ಅಣ್ಣ ಈಗಿನ ಪುಟ್ಟ ಕಾರನ್ನು ಅಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸುತ್ತಾನೆ. ಕ್ರೆಟಾ 4,330 ಮಿಲಿಮೀಟರ್ ಉದ್ದ, 1,790 ಅಗಲ. ನಿನ್ನೆ ಸಂಜೆ ನಾನು ಟೇಪು ಹಿಡಿದು ಅಳೆದೆ. ಗೇಟಿನ ಎರಡು ಕಂಬಗಳ ನಡುವೆ 2 ಮೀಟರ್ 15 ಸೆಂಟಿಮೀಟರ್ ಇದೆ, ಆದ್ದರಿಂದ ಅಗಲ ಹೇಗೋ ಹಿಡಿಸುತ್ತದೆ. ಆ ಉದ್ದವನ್ನು ಮಾತ್ರ 72ರ ಅಣ್ಣ ಆ ಮೂಲೆಯಲ್ಲಿ ತಿರುಗಿಸಲಾರ. ತಿರುಗಿಸಲಾಗದಿದ್ದರೆ ಚಡವನ್ನು ಹಿಮ್ಮುಖವಾಗಿ ಇಳಿಯಬೇಕು, ಕೆಳಗೆ ತೋಡು. ಗೌರವಕ್ಕೆ ದೊಡ್ಡ ಗಾಡಿ ಕೊಡಿಸಬೇಕೆಂಬ ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಅಂತಹ ಗಾಡಿ ರಸ್ತೆ ಬದಿಯ ಶೆಡ್ಡಿನಲ್ಲಿ ನಿಂತು, ಅಣ್ಣ ಅತ್ತಿಗೆ ಕೊಡೆ ಹಿಡಿದು ಅಲ್ಲಿಯವರೆಗೆ ನಡೆಯುವಂತಾಗಬಾರದು.

ಇನ್ನು ಅತ್ತಿಗೆಯ ಮೊಣಕಾಲು. ಅವಳು ಕಾರು ಹತ್ತುವುದನ್ನು ನೀನು ಇತ್ತೀಚೆಗೆ ನೋಡಿಲ್ಲ. ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರುತ್ತಾಳೆ, ಒಂದು ಕೈಯಲ್ಲಿ ಬಾಗಿಲಿನ ಮೇಲ್ಭಾಗವನ್ನು ಹಿಡಿಯುತ್ತಾಳೆ, ಆಮೇಲೆ ಬಲಗಾಲನ್ನು ಎರಡು ಕೈಯಿಂದ ಮೊಣಕಾಲಿನ ಕೆಳಗೆ ಹಿಡಿದು ಎತ್ತಿ ಒಳಗೆ ಇಡುತ್ತಾಳೆ. ಎಡಗಾಲು ಒಳಗೆ ಬರುವ ತನಕ ಅಣ್ಣ ಸೀರೆಯ ಅಂಚು ಬಾಗಿಲಿಗೆ ಸಿಕ್ಕದಂತೆ ಹಿಡಿದು ನಿಲ್ಲುತ್ತಾನೆ. ಸೀಟು ತಗ್ಗಿನಲ್ಲಿದ್ದರೆ ಅವಳಿಗೆ ಏಳಲು ಆಗುವುದಿಲ್ಲ, ಆದ್ದರಿಂದ ಸೆಡಾನ್ ಕಾರುಗಳನ್ನು ಎಣಿಕೆಯಿಂದಲೇ ಬಿಡು. ತೀರಾ ಎತ್ತರವಾದರೆ ಹತ್ತಲು ಆಗುವುದಿಲ್ಲ. ನಿಂತಾಗ ಅವಳ ಸೊಂಟಕ್ಕೆ ಸರಿಯಾಗಿ ಸೀಟು ಬರಬೇಕು, ಬಾಗಿಲು ಅಗಲವಾಗಿ ತೆರೆಯಬೇಕು. ಈ ಎರಡನ್ನು ಯಾವ ವಿಡಿಯೋ ನೋಡಿಯೂ ತೀರ್ಮಾನಿಸಲು ಸಾಧ್ಯವಿಲ್ಲ, ಅವಳೇ ಕೂತು ನೋಡಬೇಕು.

ಅಣ್ಣನ ಎಡ ಮೊಣಕಾಲಿಗೂ ನೋವು ಬಂದಿದೆ, ಆದರೆ ಅವನು ಯಾರಿಗೂ ಹೇಳುವುದಿಲ್ಲ. ಬದಿಯಡ್ಕ ಪೇಟೆಯಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಕ್ಲಚ್ ಒತ್ತಿ ಒತ್ತಿ ಅವನು ತೊಡೆ ನೀವಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಲೈಸೆನ್ಸ್ ಕಳೆದ ವರ್ಷ 5 ವರ್ಷಕ್ಕೆ ನವೀಕರಣವಾಗಿದೆ, ಅಷ್ಟು ಕಾಲವಾದರೂ ಅವನು ನೆಮ್ಮದಿಯಿಂದ ಓಡಿಸಲಿ. ಕ್ಲಚ್ ಇಲ್ಲದ ಗಾಡಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಎಎಂಟಿ, ಅಂದರೆ ಗೇರ್ ಪೆಟ್ಟಿಗೆ ಮಾಮೂಲಿನದೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಸ್ವಲ್ಪ ತೂಗಿದಂತಾಗುತ್ತದೆ, ಅದು ಅಭ್ಯಾಸವಾಗುತ್ತದೆ. ಎಚ್ಚರ ಬೇಕಾದದ್ದು ಏರಿನಲ್ಲಿ ನಿಲ್ಲಿಸಿ ಹೊರಡುವಾಗ. ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಕೆಲವು ಗಾಡಿಗಳು ಹಿಂದಕ್ಕೆ ಜಾರುತ್ತವೆ. ಒಂದೆರಡು ಕ್ಷಣ ಗಾಡಿಯನ್ನು ತಡೆದು ಹಿಡಿಯುವ ಹಿಲ್ ಹೋಲ್ಡ್ ಇದೆಯೇ ಎಂದು ಕೇಳಿಯೇ ತೆಗೆಯಬೇಕು. ನಮ್ಮ ಸಂಕದ ಬಳಿ ಅದು ಇಲ್ಲದಿದ್ದರೆ ಆಗದು.

ಭಾವನಿಗೆ ಬೇಸರವಾಗಬಾರದು, ಆದರೆ ಮಂಗಳೂರಿನ ಕೆಎ-19 ನಂಬರಿನ ಗಾಡಿ ಬೇಡ. 2016ರಲ್ಲಿ ನಾನೇ ಪುತ್ತೂರಿನಿಂದ ಹಳೆಯ ಕಾರೊಂದನ್ನು ತಂದು ಅನುಭವಿಸಿದ್ದೇನೆ. ಮಾರಿದವರು ಕಾಗದಪತ್ರವೆಲ್ಲ ಒಂದು ತಿಂಗಳಲ್ಲಿ ಕೈಗೆ ಕೊಡುತ್ತೇವೆಂದು ಹೇಳಿ, ಹಣ ಸಿಕ್ಕಿದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಕೇರಳದಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದಕ್ಕೆ ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಬ್ಯಾಂಕಿನದೂ ಬೇಕು, ಆಮೇಲೆ ಕೇರಳದ ತೆರಿಗೆ ಕಟ್ಟಬೇಕು, ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗವನ್ನು ಹಿಂದೆ ಪಡೆಯಲು ಬೇರೆಯೇ ಅರ್ಜಿ ಹಾಕಬೇಕು. ನಾನು ಏಳು ತಿಂಗಳು ಅಡ್ಕಸ್ಥಳದ ಗಡಿಯ ಆಚೆ ಈಚೆ ಓಡಾಡಿದೆ, ಕಾರಿಗಲ್ಲ, ಕಾಗದಕ್ಕೆ. ಗಡಿಯಲ್ಲಿ ಹುಟ್ಟಿದ ನಮಗೆ ಆಸ್ಪತ್ರೆ ಅತ್ತ, ಪಂಚಾಯತ್ ಇತ್ತ ಎಂಬುದು ಹೇಗೂ ಇದ್ದದ್ದೇ. ಕಾರಿನ ನಂಬರಾದರೂ ಕಾಸರಗೋಡಿನ ಕೆಎಲ್-14 ಆಗಿರಲಿ. ಅಲ್ಲದೆ ಈಗಿನ ಡೀಸೆಲ್ ಗಾಡಿಗಳ ಹೊಗೆ ಶೋಧಿಸುವ ಫಿಲ್ಟರ್ ಸ್ವಚ್ಛವಾಗಲು ಆಗಾಗ ಉದ್ದದ ಓಟ ಬೇಕು. ಅಣ್ಣ ದಿನಾ ಹೋಗುವುದು ಸೊಸೈಟಿಗೆ, ಪೇಟೆಗೆ, ನಾಲ್ಕೈದು ಕಿಲೋಮೀಟರ್.

ತಂಗಿಯ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಅಂತಹ ಸಣ್ಣ ಓಟಕ್ಕೆ ವಿದ್ಯುತ್ ಕಾರು ಬಹಳ ಒಳ್ಳೆಯದು, ಅದಕ್ಕೆ ಜಿಎಸ್‌ಟಿ ಶೇಕಡಾ 5 ಮಾತ್ರ, ಕ್ಲಚ್ಚಿನ ರಗಳೆಯೇ ಇಲ್ಲ. ಮಳೆನೀರು ಬ್ಯಾಟರಿಗೆ ಹೋಗುತ್ತದೆಂದು ಅಣ್ಣ ಹೆದರುವುದಕ್ಕೂ ಕಾರಣವಿಲ್ಲ, ಅವು ನೀರು, ಧೂಳು ಒಳಗೆ ಹೋಗದಂತೆ ತಡೆಯುವ ಐಪಿ 67 ಮಟ್ಟದ ರಕ್ಷಣೆಯೊಂದಿಗೇ ಬರುತ್ತವೆ. ನನ್ನ ಅಡ್ಡಿ ಮನೆಯದು. ಜೂನ್‌ನಲ್ಲಿ ಗಾಳಿಗೆ ಅಡಿಕೆ ಮರವೋ ಹಲಸಿನ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ನಮ್ಮ ಮೂಲೆಗೆ ಕರೆಂಟ್ ಬರಲು ಎರಡು ದಿನವಾದರೂ ಬೇಕು, ಮನೆಯ ವಯರಿಂಗ್ ನಿನ್ನ ಅಜ್ಜನ ಕಾಲದ್ದು, ಅರ್ಥಿಂಗ್ ಸರಿಯಿಲ್ಲ. ಮನೆಗೆ ಇರುವುದು ಒಂದೇ ಕಾರು, ಅದರಲ್ಲಿ ರಾತ್ರಿ ಆಸ್ಪತ್ರೆಗೆ ಹೊರಡಬೇಕಾಗಿ ಬರಬಹುದು. ಮುಂದಿನ ವರ್ಷ ವಯರಿಂಗ್ ಬದಲಿಸಿ ಸೋಲಾರ್ ಹಾಕಿಸೋಣ, ನಿನ್ನ ತಂಗಿ ಕಾರು ತೆಗೆಯುವಾಗ ಅದನ್ನೇ ತೆಗೆಯಲಿ.

ಹಾಗಾದರೆ ಉಳಿಯುವುದು 4 ಮೀಟರ್ ಒಳಗಿನ, ಸ್ವಲ್ಪ ಎತ್ತರದ, ಎಎಂಟಿ ಇರುವ ಹೊಸ ಪೆಟ್ರೋಲ್ ಕಾರು. 2025ರ ಸೆಪ್ಟೆಂಬರ್ 22ರಿಂದ 1,200 ಸಿಸಿ ಒಳಗಿನ ಇಂತಹ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ, ಮೊದಲು 28 ಮತ್ತು ಮೇಲೆ ಸೆಸ್ ಇತ್ತು. ಕ್ರೆಟಾದಂತಹವಕ್ಕೆ ಈಗ 40. ಅಣ್ಣನಿಗೆ ಮತ್ತೆ ವ್ಯಾಗನಾರ್ ಆದರೆ ಸಾಕು. 1,620 ಮಿಲಿಮೀಟರ್ ಅಗಲದ ಆ ಗಾಡಿಯಷ್ಟು ನಮ್ಮ ಗೇಟಿಗೆ ಒಪ್ಪುವುದು ಬೇರೆ ಇಲ್ಲ, ಈಗ ಆರು ಏರ್‌ಬ್ಯಾಗ್ ಕೂಡ ಬಂದಿದೆ. ಆದರೆ 2023ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಒಂದು ನಕ್ಷತ್ರ, ಆ ಹೆದ್ದಾರಿಯನ್ನು ನೆನೆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಟಾಟಾದ ಪಂಚ್‌ಗೆ 2021ರಲ್ಲಿ ದೊಡ್ಡವರ ಸುರಕ್ಷತೆಯಲ್ಲಿ ಐದು ನಕ್ಷತ್ರ ಬಂದಿತ್ತು. 2021ರಲ್ಲಿ ಬಂದ ಆ ಮಾದರಿ 3,827 ಮಿಲಿಮೀಟರ್ ಉದ್ದ, ನೆಲದಿಂದ ಎತ್ತರ 187, ಬಾಗಿಲು 90 ಡಿಗ್ರಿ ತೆರೆಯುತ್ತದೆ. ಆ ಕೊನೆಯ ಮಾತನ್ನು ಓದಿದಾಗ ನನಗೆ ಅತ್ತಿಗೆಯ ಬಲಗಾಲೇ ಕಣ್ಣ ಮುಂದೆ ಬಂತು. ಹ್ಯುಂಡೈಯ ಎಕ್ಸ್‌ಟರ್ ನೆಲದಿಂದ 185 ಮಿಲಿಮೀಟರ್ ಎತ್ತರ, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ನೋಡೋಣ, ಆದರೆ ಈಗಿನ ಮಟ್ಟಿಗೆ ನನ್ನ ಒಲವು ಪಂಚ್ ಕಡೆಗೆ. ನೀನು ಹೇಳಿದ ಹನ್ನೊಂದು ಲಕ್ಷದ ಒಳಗೆ ಇವು ಬರುತ್ತವೆ. ಉಳಿದದ್ದರಲ್ಲಿ ಸಂಕದ ನಂತರದ ಚಡವಿನ ಕಾಂಕ್ರೀಟ್ ಸರಿಮಾಡಿಸಿ, ನಡುವಿನ ಮುರಕಲ್ಲು ಕೆತ್ತಿಸೋಣ.

ಕಾಸರಗೋಡಿನ ಎರಡು ಶೋರೂಂಗಳಿಗೆ ಫೋನ್ ಮಾಡಿದ್ದೇನೆ, ಶನಿವಾರ ಗಾಡಿಯನ್ನು ಮನೆಗೇ ತರುತ್ತಾರೆ. ಅಣ್ಣನೇ ಓಡಿಸುತ್ತಾನೆ, ಅತ್ತಿಗೆ ಹಿಂದೆ ಕೂರುತ್ತಾಳೆ, ಡಿಕ್ಕಿಗೆ ಒಂದು ಗೋಣಿ ಅಡಿಕೆ ಹಾಕುತ್ತೇವೆ, ಸಂಕದ ಹತ್ತಿರ ನಿಲ್ಲಿಸಿ ಚಡವು ಹತ್ತಿಸುತ್ತೇವೆ, ಅಡಿಕೆಯನ್ನು ತೆಗೆಯದೆಯೇ ಆ ಮೂಲೆಯಲ್ಲಿ ತಿರುಗಿಸಿ ನೋಡುತ್ತೇವೆ. ನೀನು ಅದಕ್ಕೆ ಮೊದಲು, ಗ್ರೂಪಿನಲ್ಲಿ ಅಲ್ಲ, ಅಪ್ಪನಿಗೆ ನೇರವಾಗಿ ಫೋನ್ ಮಾಡು. ಹದಿನೈದು ವರ್ಷ ಪ್ರತಿ ಭಾನುವಾರ ತಾನೇ ತೊಳೆದ ಕಾರು ಅದು. ಮಾರುವ ಮಾತನ್ನು ಅವನು ಮೊಬೈಲಿನಲ್ಲಿ ನಮ್ಮೆಲ್ಲರ ಮುಂದೆ ಕೇಳಬೇಕಾಗಿ ಬಂದದ್ದು ಅವನಿಗೆ ನೋವಾಗಿದೆ. ಸಂಜೆ ಏಳರ ನಂತರ ಮಾಡು, ಅಷ್ಟು ಹೊತ್ತಿಗೆ ಅಡಿಕೆ ಸುಲಿಯುವವರು ಹೋಗಿರುತ್ತಾರೆ.