ಒಂದೇ ಅಡುಗೆ, ಅಣ್ಣನಿಗೆ ಬಿಪಿ, ತಮ್ಮನಿಗಿಲ್ಲ: ಜೀನ್ ಟೆಸ್ಟ್ ಮಾಡಿಸಬೇಕಾ?

ತುಂಗಾತೀರ:
ಅಪ್ಪ, ಅಮ್ಮ ಇಬ್ಬರಿಗೂ ಬಿಪಿ. ಮಕ್ಕಳಿಬ್ಬರೂ ಒಂದೇ ಮನೆಯಲ್ಲಿ ಉಣ್ಣುವವರು. 42ರ ಅಣ್ಣನಿಗೆ 148/94, 39ರ ತಮ್ಮನಿಗೆ 122/78. ಮಾತ್ರೆ ಇನ್ನೂ ಶುರುವಾಗಿಲ್ಲ. ಜೊಲ್ಲಿನ ಸ್ಯಾಂಪಲ್ ಕಳಿಸಿದರೆ ಉಪ್ಪು ನಿಮಗೆ ಆಗುತ್ತೋ ಇಲ್ಲವೋ ಹೇಳುತ್ತೇವೆ ಅನ್ನುವ ಟೆಸ್ಟ್‌ಗಳಿವೆಯಲ್ಲ, ಅಣ್ಣನಿಗೆ ಮಾಡಿಸಿದರೆ ಪ್ರಯೋಜನ ಇದೆಯಾ? ವಂಶದಲ್ಲೇ ಇದ್ದ ಮೇಲೆ ಉಪ್ಪು ಬಿಟ್ಟರೂ ಅಷ್ಟೆ ಅನ್ನೋದು ಮನೆಯವರ ವಾದ.

ನೆಫ್ರಾನ್:
ಬಿಪಿ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರಲ್ಲಿ ವಂಶದ ಪಾಲು ಶೇ. 30ರಿಂದ 50 ಅಂತ ಅಂದಾಜು. ಅಲ್ಲಿಯವರೆಗೆ ಮನೆಯವರು ಸರಿ. ಆದರೆ ಇದು ಒಂದೆರಡು ಜೀನ್‌ಗಳ ಕೆಲಸ ಅಲ್ಲ. 2018ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್ಎ ನೋಡಿದಾಗಲೇ ಬಿಪಿಗೆ ಸಂಬಂಧಪಟ್ಟ ತಾಣಗಳು 900 ದಾಟಿದ್ದವು. ಒಂದೊಂದರ ಪರಿಣಾಮ ಸಾಮಾನ್ಯವಾಗಿ 1 ಪಾಯಿಂಟಿಗೂ ಕಡಿಮೆ. ಒಡಹುಟ್ಟಿದವರಲ್ಲಿ ಇವು ಸರಾಸರಿ ಅರ್ಧದಷ್ಟೇ ಹೊಂದುತ್ತವೆ, ಹಾಗಾಗಿ ಅಣ್ಣ ತಮ್ಮನ ವ್ಯತ್ಯಾಸದಲ್ಲಿ ಆಶ್ಚರ್ಯ ಇಲ್ಲ.

ಊಟ ಮತ್ತು ಜೀನ್ ಸಂಧಿಸುವುದು ಹೆಚ್ಚಾಗಿ ಕಿಡ್ನಿಯಲ್ಲಿ. ಅದೇ ಸಾರು ಉಂಡರೂ ಒಬ್ಬರ ಕಿಡ್ನಿ ಸೋಡಿಯಂ ಅನ್ನು ಸಲೀಸಾಗಿ ಹೊರಹಾಕುತ್ತದೆ. ಇನ್ನೊಬ್ಬರದು ಅಷ್ಟನ್ನೇ ಹೊರಹಾಕಲು ಒತ್ತಡ ಏರಬೇಕು. ಅಮೆರಿಕದ ಡ್ಯಾಶ್ ಆಹಾರದ ಪ್ರಯೋಗದಲ್ಲಿ (ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಜಾಸ್ತಿ) ಆಂಜಿಯೋಟೆನ್ಸಿನೋಜೆನ್ (ಬಿಪಿ ಏರಿಸುವ ಹಾರ್ಮೋನಿನ ಮೂಲವಸ್ತು) ಜೀನಿನ ಒಂದು ರೂಪ, ಅಪ್ಪ ಅಮ್ಮ ಇಬ್ಬರಿಂದಲೂ ಬಂದು, ಎರಡು ಪ್ರತಿ ಇದ್ದವರಿಗೇ ಬಿಪಿ ಹೆಚ್ಚು ಇಳಿಯಿತು. ಆ ರೂಪ ಬಿಪಿ ಏರಿಸುವ ಕಡೆಯದು. ಅಂದರೆ ವಂಶದಲ್ಲಿ ಬಿಪಿ ಇದ್ದವರಿಗೇ ಊಟದ ಬದಲಾವಣೆ ಹೆಚ್ಚು ಫಲ ಕೊಟ್ಟಿತು, ಮನೆಯವರ ವಾದ ತಲೆಕೆಳಗಾಗುವುದು ಇಲ್ಲೇ.

ಟೆಸ್ಟ್ ಬೇಡ. ಕೆಲವೇ ಜೀನ್ ನೋಡಿ ಇಂಥವರಿಗೆ ಉಪ್ಪು ಆಗಲ್ಲ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಫಲಿತಾಂಶ ಏನೇ ಬಂದರೂ 148/94ಕ್ಕೆ ಮಾಡಬೇಕಾದ್ದು ಅದೇ. ಆ ದುಡ್ಡಿಗೆ ತೋಳಿಗೆ ಕಟ್ಟುವ ಬಿಪಿ ಮೆಷಿನ್ ತಗೊಳ್ಳಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ, ಚಿಕ್ಕದು ಸುಳ್ಳೇ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಮಟ್ಟದಲ್ಲಿಟ್ಟು, ಬೆಳಿಗ್ಗೆ ಎರಡು, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ನಾಲ್ಕು ವಾರ ಉಪ್ಪು ಇಳಿಸಿ ಮತ್ತೆ ಅಳೆಯಿರಿ. ಉಪ್ಪಿನ ಟೆಸ್ಟ್ ಅಂದರೆ ಇದೇ. ಮೊದಲ ವಾರದ ಸರಾಸರಿಯನ್ನು ಈಗಲೇ ಡಾಕ್ಟರಿಗೆ ತೋರಿಸಿ, ಮಾತ್ರೆ ಬೇಕೋ ಬೇಡವೋ ಅವರು ಹೇಳಲಿ.

ಒಗ್ಗರಣೆಸೌಟು:
ಇಳಿಸುವ ಮೊದಲು ಎಷ್ಟು ತಿಂತಾ ಇದ್ದೀರಿ ಗೊತ್ತಾಗಬೇಕಲ್ಲ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ 1 ಕೆಜಿ 30 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8.3 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಅಂದರೆ ಆ ಪ್ಯಾಕೆಟ್ 50 ದಿನವಾದರೂ ಬರಬೇಕು. ಅಂಗಡಿಯ ಉಪ್ಪಿನಕಾಯಿ, ಚಿಪ್ಸ್, ಹೋಟೆಲ್ ಊಟ ಈ ಲೆಕ್ಕದಲ್ಲಿಲ್ಲ.

ಸಾರಿಗೆ ಒಮ್ಮೆಲೇ ಉಪ್ಪು ಅರ್ಧ ಮಾಡಿದರೆ ಮೂರನೇ ದಿನ ಉಪ್ಪಿನಕಾಯಿ ಜಾಡಿ ತಟ್ಟೆ ಪಕ್ಕಕ್ಕೆ ಬಂದು ಕೂರುತ್ತೆ. ಮೊದಲು ಹಪ್ಪಳ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಹಾಕುವ ಉಪ್ಪು ತೆಗೆಯಿರಿ. ಚಪಾತಿ ಹಿಟ್ಟಿಗೆ ಹಾಕುವುದನ್ನೂ ಬಿಡಬಹುದು. ಆಮೇಲೆ ಸಾರು, ಪಲ್ಯಕ್ಕೆ ವಾರವಾರ ಸ್ವಲ್ಪ ಸ್ವಲ್ಪ ಇಳಿಸಿ, ಹುಣಸೆ ಅಥವಾ ನಿಂಬೆ ಹುಳಿ ಮುಂದೆ ಮಾಡಿ. ಸೈಂಧವ ಲವಣ ಅಂತ ದುಡ್ಡು ಹಾಕಬೇಡಿ, ಅದೂ ಬಹುತೇಕ ಸೋಡಿಯಂ ಕ್ಲೋರೈಡೇ.

ತುಂಗಾತೀರ:
ಪೊಟ್ಯಾಷಿಯಂ ಬೆರೆತ ಉಪ್ಪು ಬಳಸಬಹುದಾ? ಅಪ್ಪನಿಗೆ ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ನಡೀತಿದೆ.

ನೆಫ್ರಾನ್:
ಕಿಡ್ನಿ ಚೆನ್ನಾಗಿದ್ದರೆ ಅಣ್ಣನಿಗೆ ಒಳ್ಳೆಯದೇ. ಚೀನಾದ 600 ಹಳ್ಳಿಗಳಲ್ಲಿ ಶೇ. 25 ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟು ನೋಡಿದ ಪ್ರಯೋಗದಲ್ಲಿ (2021) ಪಾರ್ಶ್ವವಾಯು ಶೇ. 14 ಕಡಿಮೆಯಾಯಿತು. ಅಪ್ಪನ ವಿಷಯ ಬೇರೆ. ಟೆಲ್ಮಿಸಾರ್ಟಾನ್ ದೇಹದಲ್ಲಿ ಪೊಟ್ಯಾಷಿಯಂ ಉಳಿಸುತ್ತದೆ. ಕಿಡ್ನಿಯೂ ಸೋತಿದ್ದರೆ ಪೊಟ್ಯಾಷಿಯಂ ವಿಪರೀತ ಏರಿ ಹೃದಯದ ಬಡಿತವೇ ತಪ್ಪಬಹುದು. ರಕ್ತದಲ್ಲಿ ಪೊಟ್ಯಾಷಿಯಂ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ಅಳತೆ) ನೋಡಿಸಿ, ಡಾಕ್ಟರನ್ನು ಕೇಳದೆ ಬೇಡ. ಒಂದೇ ಪಾತ್ರೆಯ ಅಡುಗೆ ಅಲ್ಲವೇ, ಅಪ್ಪನಿಗೆ ಆಗದಿದ್ದರೆ ಮನೆಗೇ ತರಬೇಡಿ.

ಕಷಾಯಪ್ರಿಯ:
ಒಂದು ಸೇರಿಸಬೇಕು. ಮನೆಯಲ್ಲಿ ಕೆಮ್ಮಿಗೆ ಜ್ಯೇಷ್ಠಮಧು ಕಷಾಯ ದಿನಾ ಕುಡಿಯುವ ರೂಢಿ ಇದೆಯಾ? ಕಾರ್ಟಿಸಾಲ್ ಅನ್ನುವ ದೇಹದ ಹಾರ್ಮೋನು ಕಿಡ್ನಿಯಲ್ಲಿ ಉಪ್ಪು ಹಿಡಿದಿಡದಂತೆ ತಡೆಯುವ ಒಂದು ಕಿಣ್ವವಿದೆ. ಜ್ಯೇಷ್ಠಮಧುವಿನ ಗ್ಲೈಸಿರೈಜಿನ್ ಅದನ್ನು ಅಡ್ಡಗಟ್ಟುತ್ತದೆ. ಬಿಪಿ ಏರುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ. ಅದೇ ಕಿಣ್ವದ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಕುಟುಂಬಗಳಲ್ಲಿ ಮಕ್ಕಳಿಗೇ ಈ ತೊಂದರೆ ಬರುತ್ತದೆ.

ಜೀನ್ ಟೆಸ್ಟಿಗೆ ಅರ್ಥ ಬರುವುದು ಇಂಥ ಕಡೆ: ಚಿಕ್ಕ ವಯಸ್ಸಿಗೇ ಜೋರು ಬಿಪಿ, ಪೊಟ್ಯಾಷಿಯಂ ಕಡಿಮೆ, ಉಪ್ಪು, ಬಿಪಿ ಹಿಡಿತದಲ್ಲಿಡುವ ರೆನಿನ್ ಮತ್ತು ಆಲ್ಡೋಸ್ಟೆರಾನ್ ಎರಡೂ ರಕ್ತದಲ್ಲಿ ಕಡಿಮೆ. ಒಂದೇ ಜೀನಿನ ದೋಷದಿಂದ ಕಿಡ್ನಿ ಉಪ್ಪು ಹಿಡಿದಿಡುವ ಲಿಡಲ್ ಸಿಂಡ್ರೋಮ್ ಅನ್ನುವ ಅಪರೂಪದ ಕಾಯಿಲೆಯೂ ಹೀಗೇ ಕಾಣುತ್ತದೆ. ಅದಕ್ಕೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೆಲಸ ಮಾಡಲ್ಲ, ಅಮಿಲೋರೈಡ್ ಮಾಡುತ್ತದೆ. ಅಲ್ಲಿ ರಿಪೋರ್ಟ್ ನೋಡಿ ಮಾತ್ರೆಯೇ ಬದಲಾಗುತ್ತದೆ. ಅಣ್ಣ ಕಷಾಯ ಕುಡಿಯುವವರಾದರೆ ಮೊದಲು ಅದನ್ನು ನಿಲ್ಲಿಸಿ. ಪರಿಣಾಮ ಇಳಿಯಲು ಕೆಲವು ವಾರ ಹಿಡಿಯಬಹುದು, ಆಮೇಲೆ ಮೇಲಿನ ಏಳು ದಿನದ ಅಳತೆ ಮತ್ತೊಮ್ಮೆ ಮಾಡಿ; ಡಾಕ್ಟರಿಗೆ ತೋರಿಸುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ.