ತೂಕ ಇಳಿಸಲು ಬಾದಾಮಿಯೋ, ಒಣದ್ರಾಕ್ಷಿಯೋ?

ಪ್ರಶ್ನೆ:
ಸಂಜೆಯ ಹಸಿವಿಗೆ ಬಿಸ್ಕತ್ತು ತಿನ್ನುವುದನ್ನು ಬಿಟ್ಟು, ಕೆಲವು ತಿಂಗಳಿಂದ ಒಂದು ಹಿಡಿ ಒಣದ್ರಾಕ್ಷಿ ಮತ್ತು ಎರಡು ದೊಡ್ಡ ಖರ್ಜೂರ ತಿನ್ನುತ್ತಿದ್ದೇನೆ. ತೂಕ ಇಳಿಸುವುದು ನನ್ನ ಉದ್ದೇಶ. ಇದರ ಬದಲು ಬಾದಾಮಿ ತಿನ್ನಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಆದರೆ ಪೊಟ್ಟಣದ ಹಿಂದಿನ ಪಟ್ಟಿಯ ಪ್ರಕಾರ 100 ಗ್ರಾಂ ಬಾದಾಮಿಯಲ್ಲಿ ಸುಮಾರು 580 ಕಿಲೋಕ್ಯಾಲೊರಿ ಇದ್ದರೆ, ಅಷ್ಟೇ ಒಣದ್ರಾಕ್ಷಿಯಲ್ಲಿ ಇರುವುದು ಸುಮಾರು 300. ಹೆಚ್ಚು ಕ್ಯಾಲೊರಿ ಇರುವುದನ್ನೇ ತಿನ್ನಬೇಕೆನ್ನುವ ತರ್ಕ ನನಗೆ ಅರ್ಥವಾಗುತ್ತಿಲ್ಲ. ಮೇಲಾಗಿ ಖರ್ಜೂರದಲ್ಲಿ ಕಬ್ಬಿಣದಂಶ ಹೇರಳವಾಗಿದೆ ಎಂದು ಕೇಳಿದ್ದೇನೆ. ಬಲ್ಲವರು ತಿಳಿಸಬೇಕು.

ಉತ್ತರ 1:
ಇವೆರಡನ್ನೂ ನಾವು ‘ಡ್ರೈ ಫ್ರೂಟ್ಸ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಬಾದಾಮಿ ಬೀಜ, ಮೊಳಕೆಗೆಂದು ಕೂಡಿಟ್ಟ ಎಣ್ಣೆ ಮತ್ತು ಪ್ರೋಟೀನ್ ಅದರಲ್ಲಿವೆ. ಒಣದ್ರಾಕ್ಷಿ ನೀರು ಆರಿದ ಹಣ್ಣು. 100 ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ 21 ಗ್ರಾಂ, ಕೊಬ್ಬು 50 ಗ್ರಾಂ, ನಾರಿನಂಶ 12 ಗ್ರಾಂನಷ್ಟಿದ್ದರೆ, ಒಣದ್ರಾಕ್ಷಿಯಲ್ಲಿ ಪ್ರೋಟೀನ್ ಬರೀ 3 ಗ್ರಾಂ, ಸಕ್ಕರೆ ಮಾತ್ರ ಸುಮಾರು 60 ಗ್ರಾಂ. ಹಸಿ ದ್ರಾಕ್ಷಿಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುವುದರಿಂದ, ಒಣಗಿದಾಗ ಸಕ್ಕರೆ ನಾಲ್ಕು ಪಟ್ಟು ಸಾಂದ್ರವಾಗುತ್ತದೆ, ಸಿ ಜೀವಸತ್ವ ಬಹುಪಾಲು ನಾಶವಾಗುತ್ತದೆ. ಬಾದಾಮಿ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದರಿಂದ ರಾತ್ರಿಯ ಊಟದವರೆಗೆ ಹಸಿವನ್ನು ತಡೆಯುತ್ತದೆ.

ಕಬ್ಬಿಣದ ವಿಷಯದಲ್ಲಿ ಖರ್ಜೂರಕ್ಕೆ ಅರ್ಹತೆಗಿಂತ ದೊಡ್ಡ ಹೆಸರಿದೆ. 100 ಗ್ರಾಂನಲ್ಲಿ ಇರುವುದು ಸುಮಾರು 1 ಮಿಲಿಗ್ರಾಂ, ಬಾದಾಮಿಯಲ್ಲಿ 3.7, ಗೋಡಂಬಿಯಲ್ಲಿ 6ಕ್ಕೂ ಹೆಚ್ಚು. ಬೀಜಗಳಲ್ಲಿರುವ ಫೈಟಿಕ್ ಆಮ್ಲ ಅದರ ಹೀರಿಕೆಗೆ ಸ್ವಲ್ಪ ಅಡ್ಡಿಯಾಗುವುದೂ ನಿಜ. ರಕ್ತಹೀನತೆಯ ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಉತ್ತರ 2:
ಮೇಲಿನವರು ಹೇಳದೆ ಬಿಟ್ಟ ಒಂದು ಅಂಶವಿದೆ: ಪಟ್ಟಿಯಲ್ಲಿ ಅಚ್ಚಾದ ಕ್ಯಾಲೊರಿಯೆಲ್ಲವೂ ದೇಹಕ್ಕೆ ಸೇರುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 170 ಎಂದು ಲೆಕ್ಕ ಹಾಕಲಾಗುತ್ತಿದ್ದ 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಸುಮಾರು 129 ಕಿಲೋಕ್ಯಾಲೊರಿ. ಎಷ್ಟೇ ಅಗಿದರೂ ಒಡೆಯದ ಕೋಶಗಳೊಳಗೆ ಉಳಿದ ಎಣ್ಣೆ ಜೀರ್ಣವಾಗದೆ ಹೊರಹೋಗುತ್ತದೆ. ನುಣ್ಣಗೆ ರುಬ್ಬಿದ ಬಾದಾಮಿ ಬೆಣ್ಣೆಯಾದರೆ ಈ ಉಳಿತಾಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಪೊಟ್ಟಣದಲ್ಲಿ ಸಿಗುವ ಬಾದಾಮಿ ಹಾಲಿನ ಹೆಸರನ್ನು ನೋಡಿಯೂ ಮೋಸಹೋಗಬೇಡಿ. ಹಲವು ಬಗೆಗಳಲ್ಲಿ ಒಂದು ಲೋಟಕ್ಕೆ ಪ್ರೋಟೀನ್ ಸುಮಾರು 1 ಗ್ರಾಂ ಮಾತ್ರ.

ಉತ್ತರ 3:
ಒಣಹಣ್ಣಿನ ಪರವಾಗಿಯೂ ಯಾರಾದರೂ ಮಾತನಾಡಬೇಕಲ್ಲವೇ? ಒಣ ಏಪ್ರಿಕಾಟ್‌ನಲ್ಲಿ 100 ಗ್ರಾಂಗೆ 1,100 ಮಿಲಿಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇದೆ. ಒಣ ಅಂಜೂರದ ನಾರಿನಂಶ ಸುಮಾರು 10 ಗ್ರಾಂ. ದೂರದ ನಡಿಗೆಯ ನಡುವೆ ಸುಸ್ತಾದಾಗ ಬೇಗನೆ ಶಕ್ತಿ ಕೊಡುವುದು ಖರ್ಜೂರವೇ ಹೊರತು ಬಾದಾಮಿಯಲ್ಲ. ಆದರೆ ಹಲ್ಲಿನ ಸಂದಿಯಲ್ಲಿ ಅಂಟಿಕೊಳ್ಳುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಹೊಳೆಯುವ ಕಿತ್ತಳೆ ಬಣ್ಣದ ಏಪ್ರಿಕಾಟ್‌ಗೆ ಸಾಮಾನ್ಯವಾಗಿ ಬಣ್ಣ ಕೆಡದಂತೆ ಸಲ್ಫರ್ ಡೈಆಕ್ಸೈಡ್ ಎಂಬ ಸಂರಕ್ಷಕ ಹಾಕಿರುತ್ತಾರೆ. ಅದು ಕೆಲವರಲ್ಲಿ ಉಬ್ಬಸ ಕೆರಳಿಸಬಹುದಾದ್ದರಿಂದ, ಆಸ್ತಮಾ ಇರುವವರು ಪಟ್ಟಿ ಓದಿ ಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಉತ್ತರಗಳನ್ನು ಓದಿದ ಮೇಲೆ ನನ್ನ ‘ಒಂದು ಹಿಡಿ’ಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ದ್ರಾಕ್ಷಿ 45 ಗ್ರಾಂ, ಬೀಜ ತೆಗೆದ ಎರಡು ಖರ್ಜೂರ 48 ಗ್ರಾಂ. ಕೂಡಿಸಿದರೆ ಸುಮಾರು 270 ಕಿಲೋಕ್ಯಾಲೊರಿ, ಅದರಲ್ಲಿ ಸಕ್ಕರೆಯೇ 60 ಗ್ರಾಂ ಹತ್ತಿರ. ಬಿಸ್ಕತ್ತು ಬಿಟ್ಟೆನೆಂಬ ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು. ನಾಳೆಯಿಂದ ಹದಿನೈದು ಬಾದಾಮಿ, ಜೊತೆಗೆ ಒಂದೇ ಖರ್ಜೂರ. ಬಾದಾಮಿಯ ಸಿಪ್ಪೆ ಸುಲಿಯಬೇಕೇ?

ಉತ್ತರ 1:
ಬೇಕಾಗಿಲ್ಲ. ನಾರಿನ ಒಂದು ಪಾಲು ಸಿಪ್ಪೆಯಲ್ಲೇ ಇದೆ.